ಇಲ್ಲದ ಐದು ಸಾವಿರ ಕೋಟಿ

ಕಂಪನಿಯ ಅಧಿಕಾರದ ಕುರ್ಚಿಯಲ್ಲಿ ಕೂತು, ಕಂಪನಿಯ ಹೆಸರಿನಲ್ಲೇ ಎಸಗುವ ಅಪರಾಧ ಕಾರ್ಪೊರೇಟ್ ಅಪರಾಧ. ಸುಳ್ಳು ಲೆಕ್ಕ, ತೆರಿಗೆ ವಂಚನೆ, ಲಂಚ, ಕಾರ್ಖಾನೆಯ ವಿಷವನ್ನು ಹೊಳೆಗೆ ಬಿಡುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಅಪರಾಧಕ್ಕೆ ಬಡತನವೇ ಮೂಲವೆಂದು ನಂಬಿದ್ದ ಕಾಲದಲ್ಲಿ, 1939ರಲ್ಲಿ, ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್ ಈ ನಂಬಿಕೆಯನ್ನು ಪ್ರಶ್ನಿಸಿದರು. ಗೌರವಸ್ಥರು ತಮ್ಮ ವೃತ್ತಿಯ ನಡುವೆಯೇ ಮಾಡುವ ಇಂಥ ಕೃತ್ಯಗಳನ್ನು ‘ವೈಟ್ ಕಾಲರ್ ಕ್ರೈಮ್’ ಎಂದು ಕರೆದವರು ಅವರೇ.

ಭಾರತದಲ್ಲಿ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್. ಬಿ. ರಾಮಲಿಂಗ ರಾಜು 1987ರಲ್ಲಿ ಕಟ್ಟಿದ ಈ ಕಂಪನಿಗೆ, ಉತ್ತಮ ಆಡಳಿತಕ್ಕಾಗಿ 2008ರಲ್ಲಿ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂದಿತ್ತು. 2009ರ ಜನವರಿ 7ರಂದು ರಾಜು ಆಡಳಿತ ಮಂಡಳಿಗೆ ಪತ್ರ ಬರೆದು ತಪ್ಪೊಪ್ಪಿಕೊಂಡರು. ಬ್ಯಾಂಕಿನಲ್ಲಿದೆಯೆಂದು ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿಯಲ್ಲಿ 5,040 ಕೋಟಿ ಇರಲೇ ಇಲ್ಲ. ಒಂದು ತ್ರೈಮಾಸಿಕದ ಕಾರ್ಯಾಚರಣೆಯ ಲಾಭ 649 ಕೋಟಿ ಎಂದು ಘೋಷಿಸಿದ್ದರು. ನಿಜಕ್ಕೂ ಬಂದದ್ದು 61 ಕೋಟಿ. ಅಂದು ಒಂದೇ ದಿನ ಷೇರು ಸುಮಾರು 179 ರೂಪಾಯಿಯಿಂದ 40ಕ್ಕೆ ಕುಸಿಯಿತು.

ಮೋಸ ನಡೆದ ಬಗೆ ಬಹಳ ಸರಳ. ಬಿಲ್ ತಯಾರಿಸುವ ತಂತ್ರಾಂಶದಲ್ಲಿ ಕೆಲವು ಬಿಲ್ಲುಗಳಿಗೆ ‘ಎಚ್’ ಅಕ್ಷರದ ಗುರುತು ಬೀಳುತ್ತಿತ್ತು. ಆ ಗುರುತಿದ್ದ ಬಿಲ್ಲು ಗ್ರಾಹಕರೊಡನೆ ವ್ಯವಹರಿಸುವ ವಿಭಾಗದವರಿಗೆ ಕಾಣುತ್ತಿರಲಿಲ್ಲ, ಆದರೆ ಆದಾಯದ ಲೆಕ್ಕಕ್ಕೆ ಮಾತ್ರ ಸೇರುತ್ತಿತ್ತು. ಇಂಥ ಸುಳ್ಳು ಬಿಲ್ಲುಗಳು ಏಳು ಸಾವಿರಕ್ಕೂ ಹೆಚ್ಚು. ಆ ‘ಆದಾಯ’ಕ್ಕೆ ತಕ್ಕಂತೆ ನಿಶ್ಚಿತ ಠೇವಣಿಯ ಕಾಗದಗಳೂ ಸೃಷ್ಟಿಯಾದವು.

ನಿಜವಾದ ಲಾಭಕ್ಕೂ ಪುಸ್ತಕದಲ್ಲಿ ತೋರಿಸಿದ ಲಾಭಕ್ಕೂ ನಡುವೆ ಮೊದಲಿಗೆ ಸಣ್ಣದಿದ್ದ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯಿತೆಂದೂ, ತಾವು ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲವೆಂದೂ ರಾಜು ಬರೆದಿದ್ದರು. ಆ ಮಾತು ಒಪ್ಪತಕ್ಕದ್ದಲ್ಲ. ಉಬ್ಬಿಸಿದ ಬೆಲೆಗೆ ಷೇರು ಮಾರಿ, ಅಡವಿಟ್ಟು ಲಾಭ ಪಡೆದವರಲ್ಲಿ ಅವರ ಕುಟುಂಬವೂ ಇತ್ತೆಂದು ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ ಕಂಡುಕೊಂಡಿತು.

2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ಹತ್ತು ಮಂದಿಯನ್ನು ತಪ್ಪಿತಸ್ಥರೆಂದಿತು: ರಾಜು, ಅವರ ಇಬ್ಬರು ಸಹೋದರರು, ಹಣಕಾಸು ಮುಖ್ಯಸ್ಥ, ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥ, ಹೊರಗಿನ ಇಬ್ಬರು ಲೆಕ್ಕಪರಿಶೋಧಕರು, ಹಣಕಾಸು ವಿಭಾಗದ ಮೂವರು. ಈ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಒಬ್ಬನ ದುರಾಸೆಯಿಂದ ಇಷ್ಟು ದೊಡ್ಡ ಮೋಸ ನಡೆಯದು; ಬಿಲ್ ಬರೆಯುವವರು, ಸಹಿ ಹಾಕುವವರು, ಪ್ರಶ್ನೆ ಕೇಳದೆ ಸುಮ್ಮನಿರುವವರು ಎಲ್ಲರೂ ಬೇಕು. ರಾಜುಗೆ ಏಳು ವರ್ಷದ ಜೈಲು, ಐದು ಕೋಟಿಗೂ ಮೀರಿದ ದಂಡ ಬಿತ್ತು. ಮುಂದಿನ ತಿಂಗಳೇ ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿತು. ಜೀವಮಾನದ ಉಳಿತಾಯ ಕಳೆದುಕೊಂಡ ಸಣ್ಣ ಷೇರುದಾರರಿಗೆ ಇದು ತಕ್ಕ ನ್ಯಾಯವಲ್ಲ.

ಅಷ್ಟರಲ್ಲಿ ಕಾನೂನು ಬಿಗಿಯಾಗಿತ್ತು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ವಂಚನೆಗೆ ಹತ್ತು ವರ್ಷದವರೆಗೆ ಜೈಲು. ಷೇರುಪೇಟೆಯಲ್ಲಿರುವ ಕಂಪನಿ ಒಂದೇ ಲೆಕ್ಕಪರಿಶೋಧನಾ ಸಂಸ್ಥೆಯನ್ನು ಸತತ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ.