ನಿಮಗಿದು ಗೊತ್ತೆ? ಅಂಚಿನಲ್ಲೇ ಅಡಗಿದೆ ಕಿಡಿ
ಪಾಯಿಂಟ್ 22 ರಿವಾಲ್ವರಿನ ಕಾಡತೂಸಿಗೆ ಕಿಡಿಮದ್ದು ಇರುವುದು ಬುಡದ ನಡುವೆ ಅಲ್ಲ, ಅಂಚಿನ ಮಡಿಕೆಯೊಳಗೆ. ಆ ಅಂಚನ್ನು ಜಜ್ಜಿದರೆ ಗುಂಡು ಹಾರುತ್ತದೆ. ಜಜ್ಜಿದ ಖಾಲಿ ಕೋಶವನ್ನು ಮತ್ತೆ ತುಂಬಿ ಬಳಸುವ ಮಾತೇ ಇಲ್ಲವೆನ್ನಿ. ಸ್ಮಿತ್ ಅಂಡ್ ವೆಸನ್ 1857ರಲ್ಲಿ ಇಂಥ ಕಾಡತೂಸಿಗೆಂದೇ ಏಳು ಗುಂಡಿನ ಪುಟ್ಟ ರಿವಾಲ್ವರ್ ತಂದಿತು.

ಅದೇ ಜಾತಿಯ 5.6 ಮಿ.ಮೀ. ಗುಂಡು 50 ಮೀಟರ್ ಪಿಸ್ತೂಲ್ ಸ್ಪರ್ಧೆಯಲ್ಲೂ ಉಂಟು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ಗುರ್‌ಪಾಲ್ ಸಿಂಗ್ ಬೆಳ್ಳಿ ಗೆದ್ದದ್ದು ಇದರಲ್ಲೇ. ಹತ್ತು ಅಂಕದ ವೃತ್ತ ಬರೀ 5 ಸೆಂ.ಮೀ. ಅಗಲ. ದೂರವೋ, ರೈಲಿನ ಎರಡು ಬೋಗಿಗಿಂತ ತುಸು ಹೆಚ್ಚು! ಪಿಸ್ತೂಲು ಹಿಡಿಯಬೇಕಾದದ್ದು ಒಂದೇ ಕೈಯಲ್ಲಿ. ಇನ್ನೊಂದು ಕೈಯ ಆಸರೆ ನಿಷಿದ್ಧ.