ಚಳಿಗಾಲದ ರಜೆಗೆ ಸೈಕಲ್ ಸವಾರಿ: ಯಾವ ಹಾದಿ ಹಿಡಿಯೋಣ?

ಡಿಸೆಂಬರ್ ಬಂತೆಂದರೆ ಮನೆಯಲ್ಲಿ ಒಂದೇ ಮಾತು. ಮೂರು ದಿನ ಒಟ್ಟಿಗೆ ರಜೆ ಸಿಗುತ್ತದೆ, ಎಲ್ಲಿಗೆ ಹೋಗೋಣ? ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ? ನಮ್ಮದು ಕೊಟ್ಟೂರು. ಇಷ್ಟು ವರ್ಷ ನಮ್ಮ ಉತ್ತರ ಸುಲಭವಿತ್ತು, ಒಂದು ದೇವಸ್ಥಾನ, ಇಲ್ಲವೇ ನೆಂಟರ ಮನೆ. ಹೋದ ವರ್ಷ ಮಾತ್ರ ಮಕ್ಕಳಿಬ್ಬರೂ ಹಟ ಹಿಡಿದರು. "ಅಮ್ಮಾ, ಈ ಸಲ ಸೈಕಲ್ ಮೇಲೇ ಹೋಗಬೇಕು. ಡಾಂಬರು ರಸ್ತೆ ಬ್ಯಾಡ, ಹೊಲದ ಹಾದಿ."

ಮಗ ಐದನೇ ಇಯತ್ತೆ, ಅವನದೇನೂ ಚಿಂತೆಯಿಲ್ಲ. ಮಗಳು ಎಂಟನೇ ಇಯತ್ತೆ. ಆ ವರ್ಷ ಜೂನಿನಲ್ಲಿ ದೊಡ್ಡವಳಾಗಿದ್ದಳು. ಅಂದಿನಿಂದ ಅವಳ ಸೈಕಲ್ಲು ಮೆಟ್ಟಿಲ ಕೆಳಗೆ ಗೋಣಿಚೀಲ ಹೊದ್ದು ನಿಂತಿತ್ತು. "ದೊಡ್ಡಾಕಿ ಆದ ಹುಡುಗಿಗೆ ಇನ್ನ ಸೈಕಲ್ ಯಾತಕ್ಕವ್ವ?" ಅಂದರು ನಮ್ಮ ಅತ್ತೆ. ಅವರ ಮೇಲೆ ಕೋಪ ಬರಲಿಲ್ಲ. ಇದೇ ಮಾತನ್ನು ನನ್ನ ಅವ್ವನೂ ನನಗೆ ಹೇಳಿದ್ದಳು. ಅಣ್ಣನ ಸೈಕಲ್ಲಿನಲ್ಲಿ ಒಳಪೆಡಲು ಕಲಿತಿದ್ದವಳು ನಾನು. ಸೀಟಿನ ಮೇಲೆ ಕೂರುವ ಮೊದಲೇ ಬಿಡಿಸಿದರು. 2006ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ, ಹುಡುಗಿಯರು ಸಾಲಾಗಿ ಹೈಸ್ಕೂಲಿಗೆ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದವಳು ನಾನು.

ಹಾಗಾಗಿ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದೆ. ಈ ಪ್ರವಾಸದಲ್ಲಿ ಯಾರಾದರೂ ಬಿದ್ದು ಕೈಕಾಲು ಮುರಿದುಕೊಂಡರೆ, ಇಲ್ಲವೇ ದಾರಿಯಲ್ಲಿ ಯಾರಾದರೂ ಹಗುರವಾದ ಮಾತಾಡಿದರೆ, ಆ ಸೈಕಲ್ಲು ಮತ್ತೆ ಗೋಣಿಚೀಲದಿಂದ ಹೊರಗೆ ಬರುವುದಿಲ್ಲ. ಜಾಗ ಆರಿಸುವಾಗ ಎಡವುವಂತಿರಲಿಲ್ಲ.

ಮೊದಲು ಬೆಂಗಳೂರಿನ ಅಣ್ಣ ಮಲೆನಾಡಿನ ರಿಸಾರ್ಟ್ ಅಂದ. ಎರಡು ವರ್ಷದ ಹಿಂದೆ ಅವನ ಜೊತೆ ಅಂಥ ಒಂದು ಕಡೆ ಹೋಗಿದ್ದೆವು. ಅಲ್ಲಿದ್ದ ಸೈಕಲ್ಲುಗಳೆಲ್ಲ ದೊಡ್ಡವರ ಅಳತೆಯವು. ಮಗನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಒಮ್ಮೆಲೇ ಹಿಡಿದು ಮುಗ್ಗರಿಸಿದ, ಮೊಣಕಾಲು ಕಿತ್ತುಹೋಯಿತು. ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆಗಲೇ ನಾನು ಕಲಿತದ್ದು ಇಷ್ಟು: ಮಕ್ಕಳು ದಿನಾ ತುಳಿಯುವ ಸೈಕಲ್ಲನ್ನೇ ಒಯ್ಯಬೇಕು. ಒಯ್ಯಬೇಕೆಂದರೆ ಜಾಗ ಹತ್ತಿರವಿರಬೇಕು.

2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಒಂದೇ ಜಿಲ್ಲೆಗೆ ಬಂದಿವೆಯಲ್ಲ, ಇಲ್ಲೇ ಹುಡುಕೋಣ ಅಂತ ನಮ್ಮ ಮನೆಯವರೂ ನಾನೂ ಒಂದು ರಾತ್ರಿ ಊಟವಾದ ಮೇಲೆ ಕುಳಿತೆವು.

ಹಂಪಿ ಮೊದಲು ನೆನಪಿಗೆ ಬಂತು. ಅಲ್ಲಿ ಸೈಕಲ್ ಬಾಡಿಗೆಗೂ ಸಿಗುತ್ತದೆ, ಬಾಳೆತೋಟದ ನಡುವೆ ಹಾದಿಗಳಿವೆ. ಹೆಂಗಸರು ಸೈಕಲ್ ಹೊಡೆದರೆ ತಿರುಗಿ ನೋಡುವವರೂ ಇಲ್ಲ. ಆದರೆ ಡಿಸೆಂಬರ್ ಕೊನೆಯಲ್ಲಿ ಜನವೋ ಜನ, ರೂಮಿನ ಬಾಡಿಗೆ ಕೇಳುವ ಹಾಗಿಲ್ಲ. ಬೇರೆ ತಿಂಗಳಿಗೆ ಇರಲಿ ಅಂದೆವು.

ನಮ್ಮವರಿಗೆ ಕೂಡ್ಲಿಗಿ ಕಡೆಯ ಗುಡೇಕೋಟೆ ಬಲು ಇಷ್ಟ. ಬಂಡೆಗುಡ್ಡ, ಕೆಂಪು ಮರಳುಮಿಶ್ರಿತ ಹಾದಿ, ಹಳೆಯ ಕೋಟೆ. ನಾನು ಒಪ್ಪಲಿಲ್ಲ. 2013ರಿಂದ ಅದು ಕರಡಿಧಾಮ. ಕರಡಿ ಗೆದ್ದಲು, ಜೇನು, ಕಾಡುಹಣ್ಣು ಹುಡುಕುತ್ತ ಸಂಜೆಯಿಂದ ಬೆಳಗಿನವರೆಗೆ ಓಡಾಡುತ್ತದೆ. ಎತ್ತಿನ ಗಾಡಿಗೆ ಗಂಟೆಯ ಸದ್ದಿದೆ, ಮೋಟಾರಿಗೆ ಗದ್ದಲವಿದೆ. ಸೈಕಲ್ಲಿಗೆ ಯಾವ ಸದ್ದೂ ಇಲ್ಲ. ತಿರುವಿನಲ್ಲಿ ಹಠಾತ್ತನೆ ಎದುರಾದರೆ ಕರಡಿ ಬೆದರಿ ಮೈಮೇಲೆ ಬೀಳುತ್ತದೆ. ಕಾರಿನಲ್ಲಿ ಹೋಗಿ ಕೋಟೆ ನೋಡಿಬನ್ನಿ, ಮಕ್ಕಳನ್ನು ಸೈಕಲ್ಲಿನಲ್ಲಿ ಮಾತ್ರ ಕರೆದೊಯ್ಯಬೇಡಿ.

ಹಡಗಲಿ ಕಡೆ ನೆಲ ಸಮತಟ್ಟು. ಮಲ್ಲಿಗೆ ತೋಟ, ಹಿರೇಹಡಗಲಿಯ ಕಲ್ಲೇಶ್ವರ, ಮಾಗಳದ ಗುಡಿ, ಪಕ್ಕದಲ್ಲಿ ತುಂಗಭದ್ರೆ. ಆದರೆ ಎರೆಹೊಲದ ಹಾದಿಯ ಗುಣ ಗೊತ್ತಲ್ಲ? ಒಣಗಿದ್ದರೆ ಗಾಡಿಜಾಡು ಕಲ್ಲಿನಷ್ಟು ಗಟ್ಟಿ, ಚಕ್ರ ಅದರೊಳಗೆ ಸಿಕ್ಕಿದರೆ ಹೊರಳಲು ಬಿಡುವುದಿಲ್ಲ. ಒಂದು ಮಳೆ ಬಿದ್ದರೆ ಮಣ್ಣು ರೊಟ್ಟಿಹಿಟ್ಟಿನ ಹಾಗೆ ಗಾಲಿಗೆ ಮೆತ್ತಿಕೊಂಡು ಸೈಕಲ್ಲನ್ನು ಹೊತ್ತುಕೊಂಡೇ ಬರಬೇಕು. ಮಸಾರಿ ನೆಲವೇ ಮಕ್ಕಳಿಗೆ ಮೇಲು, ಮಳೆಯಾದ ಮಾರನೇ ದಿನಕ್ಕೇ ಆರಿರುತ್ತದೆ. ಇನ್ನು ಕಾಲುವೆ ಏರಿ ನೋಡಲು ನುಣುಪಾಗಿದ್ದರೂ ಪಕ್ಕದಲ್ಲಿ ಬೇಲಿಯಿಲ್ಲದ ನೀರು. ಬ್ರೇಕ್ ಗಟ್ಟಿ ಹಿಡಿಯಲು ಬಾರದ ಮಗುವನ್ನು ಅಲ್ಲಿ ಬಿಡಲೇಬಾರದು.

ಕೊನೆಗೆ ಉಳಿದದ್ದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ನಿಜ ಹೇಳುತ್ತೇನೆ, ಅದನ್ನು ಆರಿಸಿದ ದೊಡ್ಡ ಕಾರಣ ಹಕ್ಕಿಯಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಮನೆಯಿದೆ! ಮಲಗಲು ಜಾಗ, ಬಿಸಿನೀರು, ಎಲ್ಲಕ್ಕಿಂತ ಮುಖ್ಯವಾಗಿ ಹೆಣ್ಣುಮಕ್ಕಳಿಗೆ ಬೇಕಾದ ಬಚ್ಚಲು. ಗಂಡಸರು ಬರೆಯುವ ಪ್ರವಾಸ ಲೇಖನಗಳಲ್ಲಿ ಈ ಮಾತು ಎಲ್ಲೂ ಇರುವುದಿಲ್ಲ. ಹೊರಡುವ ಮೊದಲು ನಾವು ಹೆಂಗಸರು ಯೋಚಿಸುವುದೇ ಇದನ್ನು.

ಸೈಕಲ್ಲುಗಳನ್ನು ಟಾಟಾ ಏಸ್‌ನಲ್ಲಿ ಹೇರಿಕೊಂಡು ಹೋದೆವು. ಅತ್ತೆಯೂ ಬಂದರು, ಮೊಮ್ಮಗಳ ಮೇಲೆ ಕಣ್ಣಿಡಲು ಅಂತ ನನಗೆ ಗೊತ್ತು. ಬೆಳಿಗ್ಗೆ ಎಂಟಕ್ಕೆ, ಚಳಿ ಸ್ವಲ್ಪ ಮುರಿದ ಮೇಲೆ ಹೊರಟೆವು. ಮಣ್ಣುಹಾದಿಯಲ್ಲಿ ಮಕ್ಕಳು ಗಂಟೆಗೆ ಎಂಟು ಕಿಲೋಮೀಟರ್ ಹೋದರೆ ಹೆಚ್ಚು. ಇಡೀ ದಿನಕ್ಕೆ ಹದಿನೈದು ಸಾಕು ಅಂತ ಮೊದಲೇ ನಿಶ್ಚಯಿಸಿ, ಮಿಕ್ಕ ದೂರಕ್ಕೆ ಟಾಟಾ ಏಸ್ ಇಟ್ಟುಕೊಂಡಿದ್ದೆವು. ಈ ದಿನಗಳಲ್ಲಿ ಗಾಳಿ ಮೂಡಲ ಕಡೆಯದು. ನೀವು ಹೊರಡುವಾಗ ಎದುರುಗಾಳಿ, ದಣಿದು ಬರುವಾಗ ಬೆನ್ನಗಾಳಿ ಬರುವಂತೆ ದಾರಿ ಹಿಡಿಯಿರಿ.

ಮೊದಲ ಅರ್ಧ ಗಂಟೆಯಲ್ಲೇ ಎರಡು ಪಂಕ್ಚರ್, ಜಾಲಿಮುಳ್ಳಿನ ಕೃಪೆ. ಪಂಪು, ಸಲ್ಯೂಷನ್, ರಬ್ಬರ್ ತುಂಡು ಚೀಲದಲ್ಲಿದ್ದವು. ಒಂದು ಮಾತು ನೆನಪಿಡಿ: ಟ್ಯೂಬಿಗೆ ತೇಪೆ ಹಾಕಿ ಹಾಗೇ ಒಳಗೆ ತಳ್ಳಬೇಡಿ. ಟೈರಿನ ಒಳಗಡೆ ಬಟ್ಟೆಯಿಂದ ಸುತ್ತಲೂ ಒರೆಸಿ, ಮುರಿದ ಮುಳ್ಳಿನ ತುದಿ ಅಲ್ಲೇ ಇರುತ್ತದೆ. ನಮ್ಮವರು ನೋಡದೆ ಹಾಕಿದ್ದಕ್ಕೇ ಎರಡನೇ ಪಂಕ್ಚರ್ ಆದದ್ದು. ಹುಡುಗಿಯರ ದುಪಟ್ಟವನ್ನು ಸೊಂಟಕ್ಕೆ ಬಿಗಿದು ಕಟ್ಟಿಸಿ, ಚೈನಿಗೆ ಸಿಕ್ಕಿದರೆ ಅನಾಹುತ.

ಕೆರೆ ಹತ್ತಿರ ಬಂದಾಗ ಸೈಕಲ್ ನಿಲ್ಲಿಸಿ ನಡೆದೆವು, ಹಕ್ಕಿಗಳು ಬೆದರಬಾರದಲ್ಲ. ಸುಮಾರು 244 ಎಕರೆಯ ಹಳೆಯ ನೀರಾವರಿ ಕೆರೆ, ನೀರೊಳಗೇ ನಿಂತ ಕರಿಜಾಲಿ ಮರಗಳು, ಮರದ ತುಂಬ ಹಕ್ಕಿ. 2017ರಲ್ಲಿ ಇದನ್ನು ಪಕ್ಷಿ ಸಂರಕ್ಷಿತ ಪ್ರದೇಶ ಮಾಡಿದರು. ಇರಾನಿನ ರಾಮ್ಸಾರ್ ಊರಿನಲ್ಲಿ 1971ರಲ್ಲಿ ಆದ ಒಪ್ಪಂದದಂತೆ ಜಗತ್ತಿನ ಮುಖ್ಯ ಕೆರೆ-ಜೌಗುಗಳ ಒಂದು ಪಟ್ಟಿಯಿದೆ. 2024ರ ಜನವರಿಯಲ್ಲಿ ನಮ್ಮ ಅಂಕಸಮುದ್ರವೂ ಅದರಲ್ಲಿ ಸೇರಿತು. 240 ಬಗೆಯ ಹಕ್ಕಿ, 41 ಬಗೆಯ ಮೀನು ಇಲ್ಲಿವೆ. ಗೂಡುಕಟ್ಟಲು, ತಂಗಲು ಬರುವ ನೀರಹಕ್ಕಿಗಳು 30,000ಕ್ಕೂ ಹೆಚ್ಚು. ಬಣ್ಣದ ಕೊಕ್ಕರೆಯ ಬಾಲದ ಹತ್ತಿರ ಗುಲಾಬಿ ಪುಕ್ಕ ನೋಡಿ ಅತ್ತೆ, "ಯವ್ವಾ, ಇದು ಕುಬಸ ತೊಟ್ಟಂಗ ಐತಿ" ಅಂದರು. ಮಗಳು ಬಿದ್ದು ಬಿದ್ದು ನಕ್ಕಳು.

ಹಾದಿಬದಿಯ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಸಜ್ಜೆರೊಟ್ಟಿ, ಗುರೆಳ್ಳು ಚಟ್ನಿ, ಗಟ್ಟಿಮೊಸರು, ಶೇಂಗಾ ಉಂಡೆ. ಸೈಕಲ್ ಹೊಡೆಯುವ ಮಕ್ಕಳಿಗೆ ಬಿಸ್ಕತ್ತಿಗಿಂತ ಶೇಂಗಾ ಉಂಡೆ ಸಾವಿರ ಪಾಲು ಮೇಲು. ಹುರಿದು ಸಿಪ್ಪೆ ತೆಗೆದ ಎರಡು ಬಟ್ಟಲು ಶೇಂಗಾಕ್ಕೆ ಒಂದು ಬಟ್ಟಲು ಬೆಲ್ಲ, ಚಿಟಿಕೆ ಏಲಕ್ಕಿ, ಒರಳಲ್ಲಿ ಕುಟ್ಟಿ ಉಂಡೆ ಕಟ್ಟಿದರೆ ಆಯಿತು, ತುಪ್ಪವೂ ಬೇಡ. ಪಕ್ಕದ ಹೊಲದಾಕೆ ಒಂದು ಹಿಡಿ ಹಸಿ ಕಡಲೆಗಿಡ ತಂದುಕೊಟ್ಟು, ಮಗಳ ಕಡೆ ನೋಡಿ, "ಪಟ್ಣದಾಗ ಹಿಂಗ ಕಲಿಸ್ತಾರೇನ್ರೀ? ಚಲೋ ಆತು ಬಿಡ್ರಿ" ಅಂದಳು. ಅತ್ತೆ ಏನೂ ಅನ್ನಲಿಲ್ಲ, ಕಡಲೆ ಬಿಡಿಸುತ್ತ ಕುಳಿತರು.

ಮಧ್ಯಾಹ್ನ ಹಾದಿಯಲ್ಲಿ ಯಾರೂ ಇಲ್ಲದಾಗ ಮಗಳ ಸೈಕಲ್ಲಿನ ಸೀಟಿನ ಮೇಲೆ ನಾನೂ ಕುಳಿತೆ. ಹಿಂದೆ ಕ್ಯಾರಿಯರ್ ಹಿಡಿದು ಓಡಿದವಳು ಮಗಳೇ. ಬೇವಿನ ಮರದಿಂದ ಮುಂದಿನ ಬೇವಿನ ಮರದವರೆಗೆ ಹೋದೆ. ಇಳಿಯಲು ಗೊತ್ತಾಗದೆ ಬೇಲಿಗೆ ಒರಗಿ ನಿಂತೆ, ಸೀರೆಯ ಸೆರಗು ಹರಿಯಿತು.

ಸಂಜೆ ಐದಕ್ಕೇ ಚಿಕ್ಕಮ್ಮನ ಮನೆ ಸೇರಿದೆವು. ಚಳಿಗಾಲದಲ್ಲಿ ಆರಕ್ಕೆಲ್ಲ ಕತ್ತಲು, ನೆನಪಿರಲಿ.

ಈ ವರ್ಷ ಹರಪನಹಳ್ಳಿ ಪಕ್ಕದ ಬಾಗಳಿಗೆ ಅಂತ ಮಾತಾಗಿದೆ. ತೈಲಪನ ಕಾಲದ, ಸಾವಿರ ವರ್ಷ ಹಳೆಯ ಕಲ್ಲೇಶ್ವರ ಗುಡಿ, ಪೇಟೆಯಿಂದ ಹತ್ತು ಕಿಲೋಮೀಟರ್ ಒಳಗೇ. ಮೊದಲು ನಮ್ಮವರು ಒಬ್ಬರೇ ಹೋಗಿ ಹಾದಿ ನೋಡಿಬರುತ್ತಾರೆ, ನಾವು ಆಮೇಲೆ. ಹಳೆಯ ಲೇಡೀಸ್ ಸೈಕಲ್ ಒಂದನ್ನೂ ಹುಡುಕುತ್ತಿದ್ದೇವೆ, ಯಾರಿಗೆ ಅಂತ ನೀವೇ ಊಹಿಸಿ. ಮೊನ್ನೆ ಅತ್ತೆ ಮೆಟ್ಟಿಲ ಕೆಳಗೆ ಬಗ್ಗಿ, "ಆ ಗೋಣಿಚೀಲ ಖಾಲಿ ಐತೇನು? ಮೆಣಸಿನಕಾಯಿ ತುಂಬಬೇಕು" ಅಂತ ತೆಗೆದುಕೊಂಡು ಹೋದರು.