ಗೋಬರ್ ಗ್ಯಾಸಿನ ಕೊಳವೆಯಲ್ಲಿ ನೀರು ನಿಂತರೆ



ಗೋಬರ್ ಗ್ಯಾಸ್ ಇರುವ ಮನೆಗಳಲ್ಲಿ ಈ ತೊಂದರೆ ಸಾಮಾನ್ಯ. ಡ್ರಮ್ಮು ಮೇಲೆದ್ದು ನಿಂತಿರುತ್ತದೆ, ಎಂದರೆ ಒಳಗೆ ಅನಿಲ ತುಂಬಿದೆ. ಆದರೂ ಒಲೆಯಲ್ಲಿ ಉರಿ ಕುಣಿಯುತ್ತದೆ, ಆರಿಹೋಗುತ್ತದೆ. ಆಗ ಇನ್ನಷ್ಟು ಸಗಣಿ ಸುರಿದು ಪ್ರಯೋಜನವಿಲ್ಲ. ಮನೆಯ ಹೆಂಗಸರು ಬೇಸತ್ತು ಮತ್ತೆ ಸೌದೆಯ ಹೊಗೆಗೆ ಕೂರುವ ಮುನ್ನ ಕೊಳವೆಯನ್ನು ಪರೀಕ್ಷಿಸಿರಿ. ಅಲ್ಲಿ ನೀರು ನಿಂತಿರಬಹುದು.

ಈ ನೀರು ಎಲ್ಲಿಂದ ಬಂತು? ಗುಂಡಿಯಿಂದ ಬರುವ ಬೆಚ್ಚಗಿನ ಅನಿಲದಲ್ಲಿ ನೀರಾವಿ ಬೆರೆತಿರುತ್ತದೆ. ಕೊಳವೆ ತಣ್ಣಗಾದಾಗ ಅದು ಅನ್ನದ ಪಾತ್ರೆಯ ಮುಚ್ಚಳದಲ್ಲಿ ಕಾಣುವಂತೆ ಹನಿಗಟ್ಟುತ್ತದೆ. 30 ಡಿಗ್ರಿ ಶಾಖದ ಅನಿಲ 20 ಡಿಗ್ರಿಗೆ ಇಳಿದರೆ ಘನ ಮೀಟರಿಗೆ ಸುಮಾರು 13 ಗ್ರಾಂ ನೀರು ಬಿಡುತ್ತದೆ. ದಿನಕ್ಕೆ 2 ಘನ ಮೀಟರ್ ಅನಿಲ ಬಳಸುವ ಮನೆಯಲ್ಲಿ ಇದು ತಿಂಗಳಿಗೆ ಮುಕ್ಕಾಲು ಲೀಟರ್ ಆದೀತು.

ಇಷ್ಟು ಸ್ವಲ್ಪ ನೀರು ಅನಿಲವನ್ನು ತಡೆಯುವುದು ಹೇಗೆ? ನಮ್ಮ ಅಯ್ಯನಕೆರೆ ತುಂಬಿದಾಗ ತೂಬಿನ ನೀರಿಗೆ ರಭಸ ಹೆಚ್ಚು; ಕೆರೆಯ ನೀರು ಇಳಿದಂತೆ ರಭಸವೂ ತಗ್ಗುತ್ತದೆ. ನೀರಿನ ಒತ್ತಡ ಅದರ ಎತ್ತರದಿಂದ ಬರುವಂಥದು. ತೇಲುವ ಡ್ರಮ್ಮಿನ ಅನಿಲಕ್ಕೆ ಸುಮಾರು 10 ಸೆಂಟಿಮೀಟರ್ ಎತ್ತರದ ನೀರನ್ನು ತಳ್ಳುವಷ್ಟೇ ಶಕ್ತಿ. ಕೊಳವೆ ಜೋತುಬಿದ್ದ ಕಡೆ ಅದಕ್ಕಿಂತ ಎತ್ತರಕ್ಕೆ ನೀರು ಕಟ್ಟಿಕೊಂಡರೆ ಅನಿಲ ಬರುವುದೇ ಇಲ್ಲ. ಕಡಿಮೆ ಇದ್ದರೆ ಅನಿಲ ಗುಳುಗುಳು ಎಂದು ತೂರಿ ಬರುತ್ತದೆ. ಉರಿ ಕುಣಿಯುವುದು ಆಗಲೇ.

ಆಂಧ್ರದ ಗೋದಾವರಿ ತೀರದಲ್ಲಿರುವಂಥ, ಭೂಮಿಯ ಆಳದಿಂದ ಅನಿಲ ತೆಗೆಯುವ ಬಾವಿಗಳಿಗೂ ಇದೇ ಕಾಟವುಂಟು. ಬಾವಿ ಹೊಸತಿದ್ದಾಗ ಅನಿಲ ವೇಗವಾಗಿ ಬಂದು ನೀರಿನ ಹನಿಗಳನ್ನೂ ಹೊತ್ತು ತರುತ್ತದೆ. ಒತ್ತಡ ಕುಗ್ಗಿದ ಮೇಲೆ ಹನಿಗಳು ಹಿಂದಕ್ಕೆ ಬಿದ್ದು ತಳದಲ್ಲಿ ಕೂಡುತ್ತವೆ. 100 ಮೀಟರ್ ಎತ್ತರದ ನೀರು ನಿಂತರೆ ಅದರ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 10 ಪಟ್ಟು. ಅದನ್ನು ತಳ್ಳಲಾರದೆ, ಒಳಗೆ ಅನಿಲವಿದ್ದರೂ ಬಾವಿ ನಿಂತುಹೋಗುತ್ತದೆ. ಕಿರಿದಾದ ಕೊಳವೆ ಇಳಿಸಿ ಅನಿಲದ ವೇಗ ಹೆಚ್ಚಿಸುವುದು, ಸಾಬೂನಿನಂಥ ವಸ್ತುವಿನಿಂದ ನೀರನ್ನು ನೊರೆಯಾಗಿಸಿ ಮೇಲೆತ್ತುವುದು ಅಲ್ಲಿಯ ಉಪಾಯಗಳು. ನಮ್ಮ ಮನೆಯ ಕೊಳವೆಗೆ ಅಷ್ಟೆಲ್ಲ ಬೇಕಿಲ್ಲ. ಹೀಗೆ ಮಾಡಿರಿ:

1. ಕೊಳವೆ ಎಲ್ಲಿಯೂ ಜೋತುಬೀಳದಂತೆ ಆಸರೆ ಕೊಟ್ಟು, ಇಳಿಜಾರಾಗಿ ಹಾಕಿರಿ.

2. ಅತಿ ತಗ್ಗಿನ ಜಾಗದಲ್ಲಿ ನೀರು ಬಿಡಲು ನಲ್ಲಿ ಇಡಿಸಿರಿ.

3. ವಾರಕ್ಕೊಮ್ಮೆ ಒಲೆ ಆರಿಸಿ, ಹತ್ತಿರದಲ್ಲಿ ದೀಪ, ಬೀಡಿ ಇಲ್ಲದಂತೆ ನೋಡಿಕೊಂಡು ನಲ್ಲಿ ತಿರುಗಿಸಿರಿ. ನೀರು ಮುಗಿದು ಅನಿಲ ಬಂದೊಡನೆ ಮುಚ್ಚಿರಿ. ಚಳಿಗಾಲದಲ್ಲಿ ಇನ್ನೂ ಬೇಗ ಬೇಗ ನೋಡಿರಿ.

4. ಸೋರಿಕೆಯನ್ನು ಸಾಬೂನಿನ ನೊರೆ ಹಚ್ಚಿ ಪತ್ತೆಮಾಡಿರಿ. ಬೆಂಕಿಕಡ್ಡಿ ಗೀರಿ ನೋಡಲೇಬೇಡಿರಿ.

ಇಷ್ಟಾದರೂ ಉರಿ ಸಾಲದಿದ್ದರೆ, ಆಗ ಸಗಣಿಯ ಪ್ರಮಾಣವನ್ನು ವಿಚಾರಿಸಬಹುದು.